ಪಕ್ಕದ ಸೀಟಿನ ಬ್ರೇಕು

"ಕಣ್ಣೇನು ಮನೇಲಿ ಬಿಟ್ಟು ಬಂದಿದ್ದೀರಾ?"

ಕಾರಿನ ಬಾನೆಟ್ ಮೇಲೆ ಧಪ್ ಎಂದು ಅಂಗೈ ಬಿತ್ತು. ಒಳಗೆ ಕೂತಿದ್ದ ಇಬ್ಬರೂ ಬೆಚ್ಚಿಬಿದ್ದರು.

ಅವಳ ಮೊಣಕಾಲಿಗೂ ಕಾರಿನ ಮೂತಿಗೂ ನಡುವೆ ಗೇಣು ಜಾಗವಿತ್ತು, ಅಷ್ಟೇ. ಕೈಯಲ್ಲಿದ್ದ ಟ್ರೇ ಜಾರಿ, ಆಗತಾನೇ ಒಲೆಯಿಂದ ತೆಗೆದ ಬಿಸಿ ಬನ್ನುಗಳು ರಸ್ತೆ ತುಂಬ ಉರುಳಾಡುತ್ತಿದ್ದವು. ಬೇಕರಿ ಎದುರು ನಿಂತಿದ್ದ ವ್ಯಾನಿಗೆ ಅವನ್ನು ತುಂಬಲು ಅವಳು ರಸ್ತೆ ದಾಟುತ್ತಿದ್ದಳು.

ಸ್ಟೀರಿಂಗ್ ಹಿಡಿದಿದ್ದವರು ಒಬ್ಬ ತಾತ. ಬೆವರು ಕಿವಿಯಿಂದ ಇಳಿಯುತ್ತಿತ್ತು. ಕಾರಿನ ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಹಳದಿ ಹಲಗೆ, ಮೂತಿಗೆ ಕೆಂಪು ಎಲ್ ಬೋರ್ಡು.

ಪಕ್ಕದ ಸೀಟಿನಿಂದ ಒಬ್ಬ ಗಂಡಸು ಇಳಿದ. ತೆಳ್ಳನೆಯ ಆಳು, ಕ್ಷೌರ ಕಾಣದ ಗಲ್ಲ. ಜಗಳಕ್ಕೆ ಬರುತ್ತಾನೆ ಎಂದು ಅವಳು ಸೊಂಟಕ್ಕೆ ಕೈ ಇಟ್ಟು ತಯಾರಾದಳು. ಅವನು ಕುಕ್ಕರಗಾಲಲ್ಲಿ ಕೂತು ಬನ್ನು ಹೆಕ್ಕತೊಡಗಿದ!

"ತಪ್ಪು ನಂದು," ಅಂದ.

"ಗಾಡಿ ಓಡಿಸ್ತಿದ್ದವರು ಅವರು. ತಪ್ಪು ನಿಮ್ದು ಹೇಗಾಗುತ್ತೆ?"

"ನನ್ನ ಕಡೆನೂ ಬ್ರೇಕ್ ಇದೆ. ತುಳಿಯೋದು ಸ್ವಲ್ಪ ತಡ ಆಯ್ತು."

ಅವಳು ಬಗ್ಗಿ ನೋಡಿದಳು. ನಿಜ. ಪಕ್ಕದ ಸೀಟಿನ ಕೆಳಗೂ ಕ್ಲಚ್ಚು, ಬ್ರೇಕು. ಅವನ ಬೂಟಿನ ಅಡಿ ಆ ತುಳಿತಕ್ಕೇ ಸವೆದು ಕಾಗದದಂತಾಗಿತ್ತು.

ತಾತ ಕಿಟಕಿಯಿಂದ ತಲೆ ಹಾಕಿದರು. "ಇವ್ರನ್ನ ಊರೆಲ್ಲ ಬ್ರೇಕ್ ಮೇಷ್ಟ್ರು ಅಂತಾರೆ ಕಣಮ್ಮ. ಇವ್ರ ಕಾಲಿಂದ್ಲೇ ನಾನು ಇನ್ನೂ ಬದುಕಿರೋದು!"

"ನಿಮ್ಮ ಕಾಲಿಂದ ನಾನು ಈಗ್ಲೇ ಸಾಯ್ತಿದ್ದೆ ತಾತ!"

ಮೇಷ್ಟ್ರು ನಕ್ಕುಬಿಟ್ಟ. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಆದರೆ ಆ ಸಿಟ್ಟಿನ ಅಡಿಯಲ್ಲಿ ಒಂದು ಮಾತು ಸಣ್ಣಗೆ ಕಚ್ಚಿಕೊಂಡಿತು... ಬೇರೆಯವರ ತಪ್ಪನ್ನು ಕೇಳುವ ಮೊದಲೇ ತನ್ನದೆಂದ ಗಂಡಸನ್ನು ಅವಳು ಅಲ್ಲಿಯವರೆಗೂ ಕಂಡಿರಲಿಲ್ಲ.

ಅವಳನ್ನು ಮನೆಯಲ್ಲಿ ಮೆಣಸು ಎನ್ನುತ್ತಿದ್ದರು. ಯಾಕೆಂದು ಬೇರೆ ಹೇಳಬೇಕಿಲ್ಲ.

ಮೆಣಸು ಬೇಕರಿಯಲ್ಲಿ ಬ್ರೆಡ್ಡು ಕತ್ತರಿಸಿ ಪ್ಯಾಕು ಮಾಡುವವಳು. ಬೆಳಿಗ್ಗೆ ಅಣ್ಣ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದ, ಸಂಜೆ ಬಂದು ಕರೆದೊಯ್ಯುತ್ತಿದ್ದ. ಸಂತೆಗೆ, ಗೆಳತಿಯ ಮನೆಗೆ, ಹಲ್ಲು ಕೀಳಿಸಲು... ಎಲ್ಲಿಗೆ ಹೋದರೂ ಅಣ್ಣನ ಬೆನ್ನ ಹಿಂದೆಯೇ. ಬೀದಿಯ ಜನ ಕಣ್ಣರಳಿಸಿ, "ಎಂಥಾ ಅಣ್ಣ! ತಂಗೀನ ನೆಲಕ್ಕೆ ಕಾಲಿಡೋಕೆ ಬಿಡಲ್ಲ" ಎನ್ನುತ್ತಿದ್ದರು. ಅಣ್ಣನ ಎದೆ ಉಬ್ಬುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತವಳಿಗೆ ಕಾಣುತ್ತಿದ್ದುದು ಆ ಉಬ್ಬಿದ ಬೆನ್ನು ಮಾತ್ರ.

ಆ ವಾರವೇ ಬೇಕರಿ ವ್ಯಾನಿನ ಡ್ರೈವರು ಕೆಲಸ ಬಿಡುತ್ತೇನೆಂದ. ಮೆಣಸು ಓಡಿಹೋಗಿ ಯಜಮಾನಿಯ ಮುಂದೆ ನಿಂತಳು.

"ಆ ವ್ಯಾನ್ ನನಗೆ ಕೊಡಿ."

ಯಜಮಾನಿ ಕನ್ನಡಕದ ಮೇಲಿಂದ ನೋಡಿದರು. "ಓಡ್ಸೋಕೆ ಬರುತ್ತಾ?"

"ಕಲೀತೀನಿ."

"ಮುಂದಿನ ತಿಂಗಳು ಮುಗಿಯೋದ್ರೊಳಗೆ ಲೈಸೆನ್ಸ್ ತಂದು ಮೇಜಿನ ಮೇಲಿಡು. ಕೀಲಿ ನಿಂದು. ಇಲ್ದಿದ್ರೆ ನನ್ನ ಅಳಿಯನ ತಮ್ಮ ಬಾಯಿ ಬಿಟ್ಕೊಂಡು ಕೂತಿದ್ದಾನೆ, ಅವನಿಗೆ ಹೋಗುತ್ತೆ."

ಒಂದು ಕೀಲಿ... ಯಾರ ಬೆನ್ನೂ ಎದುರಿಗಿಲ್ಲದ ಒಂದು ಗಾಜು... ಮುಂದೆ ಬರೀ ರಸ್ತೆ! ಯೋಚಿಸಿದರೇ ಅವಳ ಅಂಗೈ ಬೆವರುತ್ತಿತ್ತು.

ಆದರೆ ಮನೆಯಲ್ಲಿ ಅವಳು ಹೇಳಿದ್ದು ಬೇರೆ. "ಅಮ್ಮನ ಮೊಣಕಾಲು ನೋಡೋಕಾಗ್ತಿಲ್ಲಣ್ಣ. ಆಸ್ಪತ್ರೆಗೆ ಕರ್ಕೊಂಡು ಹೋಗೋಕಾದ್ರೂ ನಾನು ಕಾರು ಕಲೀಬೇಕು." ವ್ಯಾನು ಎಂದಿದ್ದರೆ ಅಣ್ಣ ಕುಣಿದಾಡುತ್ತಿದ್ದ. ಮೊಣಕಾಲು ಎಂದಾಗ ಬಾಯಿ ಮುಚ್ಚಿದ.

ಡ್ರೈವಿಂಗ್ ಸ್ಕೂಲಿನಲ್ಲೂ ಅದನ್ನೇ ಹೇಳಿದಳು.

ಬ್ರೇಕ್ ಮೇಷ್ಟ್ರು ತಲೆಯಾಡಿಸಿದ. "ಅಮ್ಮನಿಗೋಸ್ಕರನಾ? ಹಾಗಾದ್ರೆ ಅವಸರ ಏನಿಲ್ಲ. ನಿಧಾನಕ್ಕೆ ಕಲೀರಿ."

ಅವಸರವಿದೆ ಎನ್ನಲು ನಾಲಿಗೆ ಏಳಲಿಲ್ಲ. ಅಮ್ಮನಿಗಾಗಿ ಎಂದರೆ ಎಷ್ಟು ಚಂದ ಕೇಳಿಸುತ್ತದೆ! ನನಗೆ ಬೇಕು ಎಂದರೆ ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ!

ಮೊದಲ ದಿನ ಅವಳು ಗಾಡಿಯನ್ನು ಕಪ್ಪೆಯಂತೆ ಕುಣಿಸಿದಳು. ಮಾರನೆಯ ದಿನ ಒಬ್ಬ ಸೈಕಲ್ಲಿನವನು ಕಾರನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ ಹಲ್ಲು ಕಿಸಿದ.

"ಇಳಿದು ಹೋಗಿ ಅವನ ಹಲ್ಲು ಮುರೀಲಾ?" ಎಂದಳು.

"ಮೊದಲು ಎರಡನೇ ಗೇರ್ ಹಾಕಿ. ಹಲ್ಲು ಆಮೇಲೆ ಮುರಿಯೋಣ," ಎಂದ ಮೇಷ್ಟ್ರು.

ಅವನು ಗದರಿಸುತ್ತಿರಲಿಲ್ಲ. ಅವಳು ಬೈದರೂ, ಸ್ಟೀರಿಂಗಿಗೆ ಗುದ್ದಿದರೂ, ಕಿಟಕಿಯಾಚೆ ನೋಡುತ್ತ, "ಆಯ್ತಾ? ಈಗ ಮತ್ತೆ ಸ್ಟಾರ್ಟ್ ಮಾಡಿ" ಅನ್ನುತ್ತಿದ್ದ. ಅಣ್ಣನ ಮನೆಯಲ್ಲಿ ಅವಳ ಸಿಟ್ಟಿಗೆ ಬೈಗುಳ ಸಿಗುತ್ತಿತ್ತು, ಇಲ್ಲವೇ ಉಪದೇಶ. ಇಲ್ಲಿ ಜಾಗ ಸಿಕ್ಕಿತು. ಬರಬರುತ್ತ ಸಿಟ್ಟೇ ಕಡಿಮೆಯಾಗತೊಡಗಿತು!

ಬೇಕರಿಯಲ್ಲಿ ಅಂಚು ಸೀದ ಬ್ರೆಡ್ಡನ್ನು ಅವಳು ಅವನಿಗೆಂದು ಎತ್ತಿಡತೊಡಗಿದಳು. ಅವನು ಸೀದ ಅಂಚನ್ನೇ ಮೊದಲು ತಿನ್ನುತ್ತಿದ್ದ.

"ಸೀದಿದ್ದು ಇಷ್ಟಾನಾ ನಿಮಗೆ?"

"ನೀವು ತಂದಿದ್ದು ಅಂತ ಗೊತ್ತಾಗೋದೇ ಅದ್ರಿಂದ."

ಅವಳ ಕಿವಿ ಬಿಸಿಯಾಯಿತು. ಇದೇನಾಗ್ತಿದೆ ನನಗೆ? ಕಾರು ಕಲಿಯೋಕೆ ಬಂದವಳು ನಾನು!

ಆಮೇಲೆ ದಿಬ್ಬದ ಪಾಠ.

ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಒಂದಿಷ್ಟೂ ಜಾರದಂತೆ ಮತ್ತೆ ಹೊರಡಿಸಬೇಕು. ಕಲಿಯುವವರ ಕಣ್ಣಲ್ಲಿ ನೀರು ಬರುವುದು ಅಲ್ಲೇ. ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಬ್ರೇಕಿನಿಂದ ಕಾಲು ತೆಗೆದಳು... ಗಾಡಿ ಜಾರಲಿಲ್ಲ! ಬೆಣ್ಣೆಯಂತೆ ಮೇಲಕ್ಕೇರಿತು!

"ನೀವು ತುಳಿದ್ರಾ?" ಅವಳು ಅವನತ್ತ ತಿರುಗಿದಳು.

ಅವನು ಕಿಟಕಿಯಾಚೆ ನೋಡಿದ. "ಇಲ್ಲ. ನೀವೇ."

"ನಿಜವಾಗ್ಲೂ?"

"ನೀವೇ ಅಂದ್ನಲ್ಲ."

ದಿಬ್ಬದ ತುದಿಯಲ್ಲಿ ಗಾಡಿ ನಿಲ್ಲಿಸಿ ಅವಳು ಅತ್ತುಬಿಟ್ಟಳು. ಕೆಳಗೆ ಇಡೀ ಊರು ಕಾಣುತ್ತಿತ್ತು. "ಮೇಷ್ಟ್ರೇ, ನಾನು ಹುಟ್ಟಿದಾಗಿಂದ ಹಿಂದಿನ ಸೀಟು... ಯಾವತ್ತೂ ಯಾರೂ ಹಿಡ್ಕೊಳ್ದೆ ನಾನು ಒಂದು ಏರೂ ಹತ್ತಿಲ್ಲ. ಇವತ್ತು ಹತ್ತಿದೆ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ.

ಆ ದಿನದಿಂದ ಅವಳು ದಿನವೂ ದಿಬ್ಬ ಹತ್ತಿದಳು. ದಿನವೂ ಕೇಳಿದಳು, "ತುಳಿದ್ರಾ?" ದಿನವೂ ಅವನು ಕಿಟಕಿಯಾಚೆ ನೋಡಿ "ಇಲ್ಲ" ಎಂದ.

ಪರೀಕ್ಷೆಯ ದಿನ ಅಣ್ಣ ತಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದ. "ಹೆದರ್ಬೇಡ, ನಾನಿದ್ದೀನಿ" ಎಂದು ದಾರಿಯುದ್ದಕ್ಕೂ ಹೇಳಿ ಹೇಳಿ ಅವಳಿಗೆ ಇಲ್ಲದ ಹೆದರಿಕೆ ಹುಟ್ಟಿಸಿದ.

ಪರೀಕ್ಷೆಯ ದಿಬ್ಬದ ಮೇಲೆ ಗಾಡಿಯೊಳಗೆ ಕಲಿತವರು ಒಬ್ಬರೇ ಇರಬೇಕು. ಅಲ್ಲಿಯ ನಿಯಮ ಅದು. ಮೇಷ್ಟ್ರು ಬೇಲಿಯಾಚೆ ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಪಾಪ, ನನಗಿಂತ ಅವರೇ ಹೆದರಿದ್ದಾರೆ ಎಂದುಕೊಂಡು ಅವಳು ಕೈಬೀಸಿ ನಕ್ಕಳು ಬೇರೆ!

ದಿನವೂ ಮಾಡಿದಂತೆಯೇ ಮಾಡಿದಳು. ಹಲ್ಲು ಕಚ್ಚಿದಳು. ಬ್ರೇಕಿನಿಂದ ಕಾಲು ತೆಗೆದಳು.

ಗಾಡಿ ಹಿಂದಕ್ಕೆ ಉರುಳಿತು.

ಏನಿದು? ಯಾಕೆ ಹೀಗೆ? ಅವಳ ಕಾಲಿಗೆ ಏನು ಮಾಡಬೇಕೆಂದು ತಿಳಿಯಲೇ ಇಲ್ಲ. ಅದು ಯಾವತ್ತೂ ಮಾಡದ ಕೆಲಸ! ಕೆಳಗೆ ಪೇರಿಸಿಟ್ಟಿದ್ದ ಹಳೆಯ ಟಯರುಗಳಿಗೆ ಕಾರು ಗುದ್ದಿ ನಿಂತಿತು. ಟಯರುಗಳು ಒಂದೊಂದಾಗಿ ಉರುಳಿ ಮೈದಾನದ ತುಂಬ ಓಡಿದವು. ಕಾಯುತ್ತಿದ್ದವರೆಲ್ಲ ಗೊಳ್ಳೆಂದರು.

ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿ, ಕೊರಳಿಗೆ ಸೀಟಿ ಹಾಕಿಕೊಂಡ ಗಟ್ಟಿ ಹೆಂಗಸು, ಕಿಟಕಿಯ ಹತ್ತಿರ ಬಂದರು.

"ಏನಮ್ಮಾ, ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ್ಲೇ ಗೊತ್ತಿಲ್ವಲ್ಲ ನಿನಗೆ! ಇಷ್ಟು ದಿನ ದಿಬ್ಬದ ಮೇಲೆ ಗಾಡಿ ಹಿಡಿದಿದ್ದು ನಿನ್ನ ಕಾಲಲ್ಲ. ಮುಂದಿನ ಸಲ ಬರುವಾಗ ಆ ಕಾಲನ್ನೂ ಜೊತೇಲಿ ಕರ್ಕೊಂಡು ಬಾ."

ಅವಳು ಬೇಲಿಯತ್ತ ನೋಡಿದಳು.

ಮೇಷ್ಟ್ರು ತಲೆ ತಗ್ಗಿಸಿದ.

ಅಷ್ಟೇ ಸಾಕಾಯಿತು. ಪ್ರತಿ ದಿನ... ಪ್ರತಿ ದಿನ ನಾನು ಕೇಳಿದೆ! ನನ್ನ ಕಣ್ಣೀರು ನೋಡಿಯೂ ಸುಳ್ಳು ಹೇಳಿದ!

ಅಣ್ಣ ಓಡಿ ಬಂದ. "ನಾನು ಮೊದ್ಲೇ ಹೇಳಿದ್ದೆ ಆ ಮೇಷ್ಟ್ರಿಗೆ, ಹುಡುಗಿ ಕಾಲಿನ ಮೇಲೆ ನಿಮ್ಮ ಕಾಲಿರ್ಲಿ, ಪೂರ್ತಿ ಬಿಡ್ಬೇಡಿ, ನಾಲ್ಕು ದಿನ ಆಡ್ಕೊಂಡು ತಾನೇ ಸುಮ್ನಾಗ್ತಾಳೆ ಅಂತ. ಬಿಡು, ನಾನಿಲ್ವಾ ನಿನ್ನ ಕರ್ಕೊಂಡು ಹೋಗೋಕೆ?"

ಅವಳು ಅಣ್ಣನನ್ನು ದಿಟ್ಟಿಸಿದಳು. ಓಹೋ! ಹಾಗಾದರೆ ಇಬ್ಬರೂ ಸೇರಿ!

ಅಂದು ಅವಳು ಸ್ಕೂಟರು ಹತ್ತಲಿಲ್ಲ. ಬಿಸಿಲಲ್ಲಿ ನಡೆದು, ನೇರ ಡ್ರೈವಿಂಗ್ ಸ್ಕೂಲಿಗೆ ಹೋದಳು. ಮೇಷ್ಟ್ರು ಕಾರಿನ ಹಿಂಭಾಗಕ್ಕೆ ತಗುಲಿದ ಪೆಟ್ಟಿನ ಗುರುತು ಒರೆಸುತ್ತಿದ್ದ. ಅವಳು ಮೂತಿಯಲ್ಲಿದ್ದ ಎಲ್ ಬೋರ್ಡನ್ನು ಎಳೆದು ಕಿತ್ತಳು. ಅವನ ಎದೆಗೆ ಎಸೆದಳು.

"ಕಟ್ಕೊಳ್ಳಿ ಇದನ್ನ! ನೀವೇ ಕಟ್ಕೊಳ್ಳಿ! ನನ್ನಣ್ಣ ಹೇಳಿದ, ನೀವು ತುಳಿದ್ರಿ. ಅಲ್ವಾ?"

"ನಿಮ್ಮಣ್ಣ ಬಂದಿದ್ರು. ಬೈದು ಕಳಿಸ್ದೆ," ಎಂದ ಮೇಷ್ಟ್ರು. "ಅವ್ರ ಮಾತಿಗೆ ನಾನು ತುಳೀಲಿಲ್ಲ."

"ಮತ್ತೆ? ನನ್ನ ಒಳ್ಳೇದಕ್ಕಾ? ಹೇಳಿ, ಅದನ್ನೂ ಹೇಳಿಬಿಡಿ! ಹುಟ್ಟಿದಾಗಿಂದ ಕೇಳಿ ಕೇಳಿ ಕಿವಿ ತೂತಾಗಿದೆ ನಂಗೆ!"

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ. ಬಿಚ್ಚಿದ. ಮತ್ತೆ ಮಡಿಸಿದ.

"ಮೊದಲ ದಿನ ದಿಬ್ಬದ ಮೇಲೆ ತುಳಿದಿದ್ದು ನಿಮಗೋಸ್ಕರ. ನಿಮ್ಮ ಕೈ ನಡುಗ್ತಿತ್ತು, ಹೆದರಿ ಬಿಟ್ಟುಬಿಡ್ತೀರೇನೋ ಅನ್ನಿಸ್ತು. ಆಮೇಲಿಂದು..." ಅವನು ಬಟ್ಟೆ ಕೆಳಗಿಟ್ಟ. "ಆಮೇಲಿಂದು ನನಗೋಸ್ಕರ."

"ಅಂದ್ರೆ?"

"ದಿಬ್ಬ ಒಂದೇ ಬಾಕಿ ಇತ್ತು ನಿಮಗೆ. ಅದನ್ನ ಕಲಿತುಬಿಟ್ರೆ ಮಾರನೇ ದಿನದಿಂದ ನೀವು ಬರಲ್ಲ. ಫೇಲಾದ್ರೂ ಏನಂತೆ, ಇನ್ನೊಂದು ತಿಂಗಳು ಬರ್ತಾರೆ... ಅಮ್ಮನ ಮೊಣಕಾಲಿಗೆ ಒಂದು ತಿಂಗಳಲ್ಲಿ ಏನಾಗುತ್ತೆ... ಅಂತ ಅಂದ್ಕೊಂಡೆ."

ಇದನ್ನು ಕೇಳಿ ಕರಗುವ ಹೆಂಗಸರೂ ಇರಬಹುದು. ಮೆಣಸು ಸಿಡಿದಳು.

"ಒಂದು ತಿಂಗಳಾ? ಈ ತಿಂಗಳು ಮುಗಿದ್ರೆ ನನ್ನ ವ್ಯಾನ್ ಹೋಗುತ್ತೆ! ಅದ್ರ ಕೀಲಿ ಬೇರೆಯವನ ಜೇಬಿಗೆ ಹೋಗುತ್ತೆ! ನನ್ನ ಬದುಕು ಕಣ್ರೀ ಅದು!"

"ವ್ಯಾನಾ?" ಅವನು ಕಣ್ಣು ಪಿಳುಕಿಸಿದ. "ಯಾವ ವ್ಯಾನು? ನೀವು ಅಮ್ಮನಿಗೋಸ್ಕರ ಅಂದ್ರಿ..."

ತಾನು ಹೇಳಿದ ಸುಳ್ಳು ತನಗೇ ತಿರುಗಿ ಬಂದಿತ್ತು. ಅದಕ್ಕೇ ಅವಳಿಗೆ ಇನ್ನೂ ರೋಷ ಬಂತು.

"ನಾನು ಏನಾದ್ರೂ ಅಂದಿರ್ತೀನಿ! ಕಲಿಸೋದು ನಿಮ್ಮ ಕೆಲಸ. ಕಲಿಸ್ಲಿಲ್ಲ ನೀವು! ಅಣ್ಣ ಎದುರಿಗೇ ನಿಂತು ಕಟ್ಟಿಹಾಕ್ದ. ನೀವು ನಗ್ತಾ ನಗ್ತಾ ಕಟ್ಟಿಹಾಕಿದ್ರಿ. ನಿಮಗಿಂತ ಅವನೇ ವಾಸಿ!"

ಅವಳು ತಿರುಗಿ ನೋಡದೆ ಹೊರಟಳು. ಬೀದಿಯ ತಿರುವಿನವರೆಗೂ ಕಣ್ಣು ಒಣಗಿಯೇ ಇತ್ತು. ತಿರುವು ದಾಟಿದ ಮೇಲೆ ಗೋಡೆಗೆ ಹಣೆ ಒತ್ತಿ ಬಿಕ್ಕಿದಳು. ನಿಜಕ್ಕೂ ಉರಿಯುತ್ತಿದ್ದುದು ಪರೀಕ್ಷೆಯಲ್ಲ. ಆ ದಿಬ್ಬದ ತುದಿ, ಆ ಕಣ್ಣೀರು, ಅಲ್ಲಿ ಅವನ ಮೇಲೆ ಹುಟ್ಟಿದ ಪ್ರೀತಿ... ಎಲ್ಲವೂ ಅವನ ಕಾಲಿನ ಮೇಲೆ ನಿಂತಿದ್ದವು. ಸುಳ್ಳಿನ ಮೇಲೆ!

ಮನೆಯಲ್ಲಿ ಅಣ್ಣ ಅಷ್ಟರಲ್ಲೇ ಕಥೆ ಹೇಳಿ ಮುಗಿಸಿದ್ದ. ಅತ್ತಿಗೆ ಮುಖ ಬಾಡಿಸಿಕೊಂಡು ನೀರು ತಂದುಕೊಟ್ಟಳು. ಅಮ್ಮ ಮಂಚದ ಮೇಲೆ ಕಾಲು ಚಾಚಿ ಬಟಾಣಿ ಸುಲಿಯುತ್ತಿದ್ದಳು.

"ಹೋಗ್ಲಿ ಬಿಡೇ," ಎಂದ ಅಣ್ಣ. "ಅಮ್ಮನ್ನ ಆಸ್ಪತ್ರೆಗೆ ನಾನು ಕರ್ಕೊಂಡು ಹೋಗ್ತೀನಿ. ನನಗಿಂತ..."

"ಏ, ನಿಲ್ಸೋ!" ಅಮ್ಮ ಬಟಾಣಿ ಸಿಪ್ಪೆಯನ್ನು ಮಗನ ಮೇಲೆ ಎಸೆದಳು. "ನನ್ನ ಮೊಣಕಾಲನ್ನ ಎಷ್ಟು ಜನ ಎಳೀತೀರೋ? ಆಸ್ಪತ್ರೆ ಇರೋದು ಎದುರು ಬೀದೀಲಿ. ನಾನು ದಿನಾ ನಡ್ಕೊಂಡು ಹೋಗ್ತೀನಿ, ಬರುವಾಗ ನಿನ್ನ ಹೆಂಡ್ತಿಗೆ ತರಕಾರಿನೂ ತರ್ತೀನಿ!"

ಅತ್ತಿಗೆ ಸೆರಗಿನ ಮರೆಯಲ್ಲಿ ಕಿಸಕ್ಕೆಂದಳು. ಅಣ್ಣ ಗುರಾಯಿಸಿದ.

ಅಮ್ಮ ಮಗಳತ್ತ ತಿರುಗಿದಳು. "ನೀನೂ ಅಷ್ಟೇ ಕಣೇ. ಗಾಡಿ ಬೇಕು ಅಂದ್ರೆ ಬೇಕು ಅನ್ನು. ಯಾರಿಗೋಸ್ಕರ?"

"ಅಮ್ಮಾ..."

"ಯಾರಿಗೋಸ್ಕರ ಅಂದೆ?"

ಮೆಣಸು ಗೋಡೆ ನೋಡಿದಳು, ನೆಲ ನೋಡಿದಳು. ಆಮೇಲೆ ಗಂಟಲು ಹರಿಯುವಂತೆ ಕೂಗಿದಳು. "ನನಗೋಸ್ಕರ! ಬೇಕರಿ ವ್ಯಾನ್ ಓಡಿಸ್ಬೇಕು ನಾನು! ನನಗೆ ಬೇಕು! ಯಾರ ಮೊಣಕಾಲಿಗೂ ಅಲ್ಲ!"



"ಹಾಂ," ಎಂದಳು ಅಮ್ಮ ಬಟಾಣಿ ಸುಲಿಯುತ್ತ. "ಈಗ ಸರಿಯಾಗಿ ಕೇಳಿಸ್ತು."

ಅಣ್ಣ ಕೆಂಪಾದ. "ವ್ಯಾನಾ? ನಿನ್ನ ಒಳ್ಳೇದಕ್ಕೆ ಅಂತ ನಾನು ಬಿಸಿಲು ಗಾಳಿ ನೋಡ್ದೆ..."

"ಅಣ್ಣ," ಅವಳು ಎದ್ದು ನಿಂತಳು. ದನಿ ಈಗ ಕೂಗಾಗಿರಲಿಲ್ಲ. ಅದೇ ಹೆಚ್ಚು ಹೆದರಿಸುವಂತಿತ್ತು. "ಒಂದು ದಿನ ಜನ ಯಾರೂ ನೋಡ್ದೇ ಇದ್ದಿದ್ರೆ ನನ್ನ ಕರ್ಕೊಂಡು ಹೋಗ್ತಿದ್ಯಾ? ಎಂಥಾ ಅಣ್ಣ, ಎಂಥಾ ಅಣ್ಣ ಅಂತ ಊರು ಹಾಡೋದನ್ನ ಕೇಳೋಕೆ ನಾನು ಇನ್ನೆಷ್ಟು ವರ್ಷ ನಿನ್ನ ಹಿಂದಿನ ಸೀಟಲ್ಲಿ ಕೂತಿರ್ಬೇಕು?"

ಅಣ್ಣ ಸ್ಕೂಟರಿನ ಕೀಲಿಯನ್ನು ಮೇಜಿನ ಮೇಲೆ ಟಪ್ಪನೆ ಬಿಸಾಕಿ ಹೊರಗೆ ಹೋದ.

ಅವಳು ಅಮ್ಮನ ಪಕ್ಕ ಕೂತು ಬಟಾಣಿಗೆ ಕೈ ಹಾಕಿದಳು. ಬೆರಳು ಸುಲಿಯುತ್ತಿತ್ತು, ಮನಸ್ಸು ಬೇರೆಲ್ಲೋ ಓಡುತ್ತಿತ್ತು. ಅಣ್ಣ, ನಿನಗೋಸ್ಕರ ಅಂದ. ನಾನು, ಅಮ್ಮನಿಗೋಸ್ಕರ ಅಂದೆ. ಇಷ್ಟು ಜನರಲ್ಲಿ ತನಗೋಸ್ಕರ ಅಂತ ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ... ಆ ದರಿದ್ರ ಮೇಷ್ಟ್ರು! ಹೇಳಿದ್ದೇನೋ ನಿಜ. ಹೇಳೋಕೆ ನಾನು ಟಯರಿಗೆ ಗುದ್ದೋವರೆಗೂ ಕಾಯಬೇಕಿತ್ತಾ?

ಸಿಟ್ಟು ಇಳಿದಿರಲಿಲ್ಲ. ಆದರೆ ಅದಕ್ಕೀಗ ಒಂದು ಕೆಲಸ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಅವಳು ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿದ್ದಳು.

"ಮಾತಾಡೋಕೆ ಬಂದಿಲ್ಲ," ಎಂದಳು. "ಕ್ಷಮಿಸೋಕೂ ಬಂದಿಲ್ಲ. ತಿಂಗಳ ಕೊನೇಲಿ ಮರುಪರೀಕ್ಷೆ ಇದೆ. ದಿಬ್ಬ ಕಲಿಸಿ. ನಡೀರಿ."

ಅವನು ಕೀಲಿ ಕೊಟ್ಟ. ದಿಬ್ಬದ ನಡುವೆ ಗಾಡಿ ನಿಲ್ಲಿಸಿ ಅವಳು ಅವನತ್ತ ತಿರುಗಿದಳು.

"ಕಾಲು ಎತ್ತಿ."

"ಆಂ?"

"ಎರಡೂ ಕಾಲು ಸೀಟಿನ ಮೇಲಿಡಿ. ಮಡಿಸಿ ಕೂತ್ಕೊಳ್ಳಿ. ನಿಮ್ಮ ಬಾಯಿ ಮೇಲೆ ನನಗೆ ನಂಬಿಕೆ ಇಲ್ಲ, ಕಾಲು ಕಣ್ಣಿಗೆ ಕಾಣ್ಬೇಕು."

ಅವನು ಬೂಟು ಬಿಚ್ಚಿದ. ಆ ಚಿಕ್ಕ ಸೀಟಿನಲ್ಲಿ ಹೇಗೋ ಮೈ ಮುದುರಿ ಚಕ್ಕಳಮಕ್ಕಳ ಹಾಕಿ ಕೂತ. ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ಜಾರಿದ್ರೆ?" ಎಂದ.

"ಹಿಂದೆ ಮಣ್ಣಿನ ಗುಡ್ಡೆ ಇದೆ. ಇಬ್ರೂ ಹೋಗಿ ಕೂತ್ಕೊಳ್ಳೋಣ."

ಬ್ರೇಕಿನಿಂದ ಕಾಲು ತೆಗೆದಳು. ಗಾಡಿ ಜಾರಿತು. ಅವನ ಕೈ ಮೊಣಕಾಲನ್ನು ಹಿಡಿದುಕೊಂಡಿತು, ಗೆಣ್ಣುಗಳು ಬಿಳುಪಾದವು. ಕಾಲು ಮಾತ್ರ ಕೆಳಗಿಳಿಯಲಿಲ್ಲ. ಧೊಪ್! ಗಾಡಿ ಮಣ್ಣಿಗೆ ಕೂತಿತು.

"ಮತ್ತೆ," ಎಂದ ಅವನು.

ಮತ್ತೆ ಮಣ್ಣು. ಮತ್ತೆ ಮಣ್ಣು. ಅವಳು ಸ್ಟೀರಿಂಗಿಗೆ ಗುದ್ದಿ, ಕಾರಿನ ಹುಟ್ಟನ್ನೇ ಬೈದಳು.

"ಬೈದಾಯ್ತಾ? ಈಗ ಕ್ಲಚ್ ಸ್ವಲ್ಪ ಸ್ವಲ್ಪ ಬಿಡಿ. ನೋಡ್ಬೇಡಿ, ಕೇಳಿ. ಎಂಜಿನ್ ದನಿ ದಪ್ಪ ಆಗುತ್ತೆ. ಗಾಡಿ ಮೂತಿ ಚೂರೇ ಚೂರು ಮೇಲೇಳುತ್ತೆ, ಮಲಗಿದ್ದ ದನ ಏಳೋ ಮುಂಚೆ ಬೆನ್ನು ನಿಗುರಿಸಿದ ಹಾಗೆ. ಅಲ್ಲಿ ಕಾಲು ತಡೀರಿ. ಅದನ್ನ ನಿಮಗೆ ತೋರಿಸಲೇ ಇಲ್ಲ ನಾನು... ಯಾವಾಗ್ಲೂ ನಾನೇ ಹಿಡ್ಕೊಂಡುಬಿಟ್ಟೆ."

ಅವಳು ಕಿವಿಗೊಟ್ಟಳು. ಎಂಜಿನ್ನಿನ ದನಿ ಇಳಿಯಿತು. ಮೂತಿ ಒಂದೆಳ್ಳಿನಷ್ಟು ಎದ್ದಿತು. ಅಂಗಾಲಿನೊಳಗೆ ಇಡೀ ಗಾಡಿ ನಡುಗಿದ್ದು ಅವಳಿಗೆ ತಿಳಿಯಿತು. ಬ್ರೇಕು ಬಿಟ್ಟಳು.

ನಿಂತಿತು. ಜಾರಲಿಲ್ಲ. ಮೆಲ್ಲಗೆ... ಮೆಲ್ಲಗೆ ಏರು ಹತ್ತಿತು.

ಅವಳು ಪಕ್ಕಕ್ಕೆ ನೋಡಿದಳು. ಮಡಿಸಿದ ಕಾಲುಗಳು ಸೀಟಿನ ಮೇಲೇ ಇದ್ದವು. ಹೆಬ್ಬೆರಳು ಇಣುಕುತ್ತಲೇ ಇತ್ತು. ಅವನ ಕಣ್ಣು ಒದ್ದೆಯಾಗಿತ್ತು.

ಅವಳು ಏನೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ತಿಂಗಳ ಕೊನೆಯವರೆಗೂ ಹೀಗೇ ನಡೆಯಿತು. ಸೀದ ಬ್ರೆಡ್ಡು ಬರಲಿಲ್ಲ, ನಗು ಬರಲಿಲ್ಲ. ಅವನು ಸಲಿಗೆಯ ಒಂದು ಮಾತನ್ನೂ ಆಡಲಿಲ್ಲ. ಪ್ರತಿದಿನ ಕಾರು ಹತ್ತಿದ ಕೂಡಲೇ ಬೂಟು ಬಿಚ್ಚಿ ಕಾಲು ಮಡಿಸಿ ಕೂರುತ್ತಿದ್ದ. ದಾರಿಯಲ್ಲಿ ಅವನ ಹಳೆಯ ಶಿಷ್ಯ, ಆ ತಾತ, ಅದನ್ನು ಕಂಡು ಹೌಹಾರಿದರು.

"ಏನ್ ಮೇಷ್ಟ್ರೇ, ಧ್ಯಾನಕ್ಕೆ ಕೂತ್ರಾ?"

"ಪ್ರಾಯಶ್ಚಿತ್ತಕ್ಕೆ ತಾತ!" ಎಂದು ಅವಳೇ ಕೂಗಿ ಮುಂದೆ ಸಾಗಿದಳು. ಸಾಗಿದ ಮೇಲೆ ಅವಳ ತುಟಿಯ ಅಂಚು ಕೊಂಚ ಮೇಲೆದ್ದಿತು. ಅವನು ನೋಡಿದ. ನೋಡದವನಂತೆ ಕಿಟಕಿಯಾಚೆ ತಿರುಗಿದ.

ಪರೀಕ್ಷೆಯ ಹಿಂದಿನ ದಿನ ಅವಳು ಗಾಡಿ ನಿಲ್ಲಿಸಿದ ಮೇಲೆ ಅವನು ಹೇಳಿದ, "ನಾಳೆ ನಾನು ಬರಲ್ಲ. ಗಾಡಿ ಸ್ಕೂಲಿನ ಹುಡುಗ ತರ್ತಾನೆ."

"ಯಾಕೆ?"

"ನೀವು ಗೆದ್ದಾಗ ಬೇಲಿ ಹತ್ರ ನಿಂತಿರ್ಬೇಕು ಅಂತ ಆಸೆ ಇದೆ. ನಿಮ್ಮ ಮುಖ ನೋಡ್ಬೇಕು ಅಂತ. ಆ ಆಸೆ ನಂದು, ನಿಮ್ಗೆ ಅದ್ರಿಂದ ಏನೂ ಉಪಯೋಗ ಇಲ್ಲ. ನನ್ನ ಕಂಡ್ರೆ ನಿಮ್ಮ ಕಾಲಿಗೆ ಹಳೇದು ನೆನಪಾಗುತ್ತೆ."

"ಹಾಗಾದ್ರೆ ನಾಳೆಯಿಂದ ನಾನು ಬರಲ್ಲ."

"ಗೊತ್ತು."

"ಗೊತ್ತಿದ್ದೂ ಕಲಿಸಿದ್ರಾ?"

ಅವನು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಅದು ಕಟ್ಟಿ ಎಷ್ಟೋ ಹೊತ್ತಾಗಿದ್ದರೂ ತಲೆ ಎತ್ತಲಿಲ್ಲ. "ಹೋಗ್ಬನ್ನಿ" ಎಂದ.

ಮಾರನೆಯ ದಿನ ಅವಳು ಒಬ್ಬಳೇ ಬಸ್ಸು ಹಿಡಿದು ಹೋದಳು. ಹೊರಡುವಾಗ ಮನೆ ಬಾಗಿಲಲ್ಲಿ ಅಣ್ಣ ನಿಂತಿದ್ದ. ಆ ಜಗಳದ ನಂತರ ಅವನು ಮಾತು ಬಿಟ್ಟಿದ್ದ. ಅವಳು ಗೇಟು ದಾಟುವಾಗ ಗೋಡೆಗೆ ಹೇಳುವವನಂತೆ ಹೇಳಿದ, "ಕ್ಲಚ್ ನಿಧಾನಕ್ಕೆ ಬಿಡು."

"ಬಿಡ್ತೀನಣ್ಣ."

ದಿಬ್ಬದ ನಡುವೆ ಅವಳು ಕಣ್ಣು ಮುಚ್ಚಲಿಲ್ಲ. ಹಲ್ಲು ಕಚ್ಚಲಿಲ್ಲ. ಎಂಜಿನ್ನಿನ ದನಿ ದಪ್ಪವಾಯಿತು, ಮೂತಿ ಎದ್ದಿತು, ಗಾಡಿ ಏರಿತು.

ಸೀಟಿಯ ಅಧಿಕಾರಿ ಕಿಟಕಿಗೆ ಬಗ್ಗಿದರು. "ಏನಮ್ಮಾ, ಆ ಕಾಲನ್ನ ಕರ್ಕೊಂಡು ಬಂದ್ಯಾ?"

"ಇಲ್ಲ ಮೇಡಂ," ಎಂದಳು ಮೆಣಸು. "ಮನೇಲಿ ಮಡಿಸಿ ಇಟ್ಟು ಬಂದೆ!"

ಲೈಸೆನ್ಸ್ ಕೈಗೆ ಬಂದ ದಿನ ಯಜಮಾನಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗೂಟದಿಂದ ಕೀಲಿ ತೆಗೆದು ಅವಳ ಅಂಗೈಗೆ ಹಾಕಿದರು. "ನನ್ನ ಅಳಿಯ ನನ್ನ ಜೊತೆ ಮಾತು ಬಿಡ್ತಾನೆ. ಒಳ್ಳೇದೇ ಆಯ್ತು, ಹೋಗು!"

ಬ್ರೆಡ್ಡಿನ ವಾಸನೆ ತುಂಬಿದ ಆ ಹಳೆಯ ವ್ಯಾನನ್ನು ಅವಳು ಒಂದು ಸುತ್ತು ಓಡಿಸಿದಳು. ಮುಂದೆ ಬರೀ ಗಾಜು, ಗಾಜಿನಾಚೆ ರಸ್ತೆ. ಯಾವ ದಾರಿಗೆ ಬೇಕಾದರೂ ತಿರುಗಬಹುದಿತ್ತು.

ಅವಳ ಕೈ ತಿರುಗಿಸಿದ್ದು ಡ್ರೈವಿಂಗ್ ಸ್ಕೂಲಿನ ಬೀದಿಗೆ.

ಪೀಂ... ಪೀಂ... ಎಂದು ಹಾರನ್ನು ಒತ್ತಿದಳು. ಮೇಷ್ಟ್ರು ಕಾರಿನ ಅಡಿಯಿಂದ ಕೈಯೆಲ್ಲ ಗ್ರೀಸು ಮಾಡಿಕೊಂಡು ಹೊರಬಂದ. ವ್ಯಾನು ನೋಡಿದ. ಅವಳನ್ನು ನೋಡಿದ. ನಿಂತಲ್ಲೇ ನಿಂತ.

"ಏನ್ ನೋಡ್ತೀರಾ? ಹತ್ತಿ!"

"ಎಲ್ಲಿಗೆ?"

"ಹತ್ತಿ ಅಂದೆ!"

ಅವನು ಪಕ್ಕದ ಸೀಟಿಗೆ ಹತ್ತಿ ಕೂತ. ಸೀಟಿನ ಮೇಲೆ ಒಂದು ಪೊಟ್ಟಣವಿತ್ತು. ಬಿಚ್ಚಿದರೆ ಅಂಚು ಸೀದ ಬ್ರೆಡ್ಡು. ಅವನ ಗ್ರೀಸಿನ ಕೈ ಅಲ್ಲೇ ನಿಂತುಹೋಯಿತು.

ವ್ಯಾನು ಊರಿನ ದಿಬ್ಬ ಏರತೊಡಗಿತು. ನಡುವೆ ಮುಂದಿನ ಲಾರಿ ಗಕ್ಕನೆ ನಿಂತಿತು. ಅವಳೂ ನಿಲ್ಲಿಸಿದಳು. ಅದೇ ಕ್ಷಣ ಪಕ್ಕದಿಂದ ಧಪ್ ಎಂಬ ಸದ್ದು! ಅವನ ಕಾಲು ಬರೀ ನೆಲವನ್ನು ಜೋರಾಗಿ ತುಳಿದಿತ್ತು.

ಇಬ್ಬರೂ ಆ ಕಾಲನ್ನು ನೋಡಿದರು.

"ತುಳಿದ್ರಾ?" ಎಂದಳು ಅವಳು.

ಈ ಸಲ ಅವನು ಕಿಟಕಿಯಾಚೆ ನೋಡಲಿಲ್ಲ. "ತುಳಿದೆ."

"ಯಾರಿಗೋಸ್ಕರ?"

"ನನಗೋಸ್ಕರ. ಹೆದರಿಕೆ ಆಯ್ತು."

"ಗಾಡಿ ಜಾರುತ್ತೆ ಅಂತನಾ?"

"ಅಲ್ಲ. ದಿಬ್ಬ ಹತ್ತಿದ ಮೇಲೆ ನನ್ನ ಇಳಿಸಿ ಹೋಗಿಬಿಡ್ತೀರೇನೋ ಅಂತ."

ಮುಂದಿನ ಲಾರಿ ಹೊರಟಿತು. ಅವಳು ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ವ್ಯಾನು ಬೆನ್ನು ನಿಗುರಿಸಿ ಎದ್ದಿತು. ಜಾರದೆ ಏರಿತು. ದಿಬ್ಬದ ತುದಿಯಲ್ಲಿ ಊರೆಲ್ಲ ಕಾಣುವ ಅದೇ ಜಾಗದಲ್ಲಿ ಅವಳು ನಿಲ್ಲಿಸಿದಳು.

"ನಿಮ್ಮ ಮೇಲೆ ಸಿಟ್ಟು ಇನ್ನೂ ಇದೆ," ಎಂದಳು. "ಸುಮಾರು ದಿನ ಇರುತ್ತೆ. ಆದ್ರೂ ಕರ್ಕೊಂಡು ಬಂದೆ. ಪಾಪ ಅಂತ ಅಲ್ಲ, ಗುರು ಅಂತ ಅಲ್ಲ, ನಿಮಗೋಸ್ಕರ ಅಂತೂ ಅಲ್ಲವೇ ಅಲ್ಲ."

"ಮತ್ತೆ?"

"ನನಗೆ ಬೇಕು ನೀವು. ನನಗೋಸ್ಕರ. ಸರಿಯಾಗಿ ಕೇಳಿಸ್ತಾ?"

ಅವನು ಗ್ರೀಸು ಮೆತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿ ಒರೆಸಿ, ಕೊನೆಗೆ ಅವಳ ಕೈಯನ್ನು ಹಾಗೆಯೇ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಗೇರಿನ ಹಿಡಿಯ ಮೇಲೆ ಎರಡು ಕೈಗಳೂ ಕಪ್ಪಾದವು.

ಅವನು ಕೇಳಿದ, "ಇಳಿಯುವಾಗ ಕಾಲು ಮಡಿಸಿ ಕೂತ್ಕೊಳ್ಲಾ?"

"ಬೇಡ." ಅವಳು ಕಣ್ಣೊರೆಸಿಕೊಂಡು ಗಾಡಿ ಸ್ಟಾರ್ಟ್ ಮಾಡಿದಳು. "ಈ ಗಾಡೀಲಿ ನಿಮ್ಮ ಕಡೆ ಬ್ರೇಕ್ ಇಲ್ಲ. ಎಷ್ಟು ಬೇಕಾದ್ರೂ ತುಳ್ಕೊಳ್ಳಿ!"